64 ಬಣ್ಣದ ಕಾರು

ಮೊನ್ನೆ ರಾತ್ರಿ ಅಂಕೋಲೆಯಿಂದ ಕಾರವಾರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಅವರ್ಸಾ ದಾಟಿದ ಮೇಲೆ ಒಂದು ಅಕ್ವೇರಿಯಂ ನನ್ನನ್ನು ಓವರ್‌ಟೇಕ್ ಮಾಡಿತು. ಒಳಗೆಲ್ಲ ನೇರಳೆ ಬೆಳಕು. ಅದರಲ್ಲಿ ನಾಲ್ಕು ತಲೆ. ನಾಲ್ಕೂ ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಹಾಡು ಹೇಳುತ್ತಿದ್ದಿರಬೇಕು. ಮುಂದೆ ರಸ್ತೆಯಲ್ಲಿ ಮಲಗಿದ್ದ ದನ ಕಂಡು ಅಕ್ವೇರಿಯಂ ಗಕ್ಕನೆ ನಿಂತಿತು. ಹಿಂದಿನ ಎರಡು ಬ್ರೇಕ್ ಲೈಟಿನಲ್ಲಿ ಉರಿದಿದ್ದು ಒಂದೇ.

ನೀವೂ ನೋಡಿರುತ್ತೀರಿ. ನೋಡದೇ ಇರಲು ಬಿಡುವುದಿಲ್ಲ ಅವರು.

ನಾವು ಕಾನೂನು ಪಾಲಿಸುವುದಿಲ್ಲ ಎಂದು ಹೇಳುವವರಿಗೆ ಈ ಕಾರುಗಳನ್ನು ತೋರಿಸಬೇಕು. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕರಿ ಫಿಲ್ಮ್ ಅಂಟಿಸಬಾರದು ಎಂದಿತು. ಒಳಗೆ ಯಾರಿದ್ದಾರೆ ಅಂತ ಹೊರಗಿನವರಿಗೆ ಕಾಣಬೇಕಲ್ಲ. ಈಗ ಕಾಣುತ್ತದೆ. ಒಳಗಿನವನ ಹಲ್ಲಿನ ಹುಳುಕೂ ಕಾಣುತ್ತದೆ. 2017ರ ಮೇ 1ಕ್ಕೆ ಮಂತ್ರಿಗಳ ಕಾರಿನ ಕೆಂಪು ಗೂಟ ಕಿತ್ತರು. ಗೂಟ ಕಿತ್ತರೂ ಗೂಟದ ಆಸೆ ಎಲ್ಲಿಗೆ ಹೋಗಬೇಕು? ಚೂರು ಚೂರಾಗಿ ಎಲ್ಲರ ಕಾರಿನ ಸೀಟಿನಡಿ ಹೋಗಿ ಕೂತಿದೆ. ಪ್ರಜಾಪ್ರಭುತ್ವ ಅಂದರೆ ಇದೇ ಅಲ್ವಾ?

ನನ್ನ ಅಕ್ಕನ ಮಗನೂ ಹಾಕಿಸಿದ್ದಾನೆ. ಸೆಕೆಂಡ್ ಹ್ಯಾಂಡ್ ಕಾರು. ಟೈರು ಬೋಳಾಗಿದೆ, ವೈಪರು ಮಳೆಗೆ ಕೈ ಮುಗಿಯುತ್ತದೆ. ಆದರೂ ಮೊದಲು ಬಂದಿದ್ದು ಲೈಟು.

"ಎಂತ ಮಾರಾಯಾ ಇದು?"

"ಆಂಬಿಯೆಂಟ್ ಲೈಟ್ ಮಾವ. 64 ಬಣ್ಣ."

64 ವಿದ್ಯೆಯಲ್ಲಿ ಒಂದಾದರೂ ಬರಲಿ ಎಂದು ಅಕ್ಕ ಹರಕೆ ಹೊತ್ತಿದ್ದಳು. ದೇವರು ಲೆಕ್ಕ ಮಾತ್ರ ಸರಿ ಕೇಳಿಸಿಕೊಂಡ ಹಾಗಿದೆ.

ವೈರಿಂಗ್ ಮಾಡಿಸುವಾಗ ನಾನೂ ಅಂಗಡಿಗೆ ಹೋಗಿದ್ದೆ. ಅದು ನೋಡುವಂಥದ್ದೇ. ವೈರಿಂಗ್ ಮಾಡುವ ಹುಡುಗನ ಮುಖ್ಯ ಹತ್ಯಾರು ಹಲ್ಲು. ಹಲ್ಲಿನಲ್ಲಿ ವೈರಿನ ಸಿಪ್ಪೆ ತೆಗೆದ, ತಲೆ ಮೇಲಿನ ದೀಪದ ವೈರಿಗೆ ಸುತ್ತಿದ, ಕಪ್ಪು ಟೇಪು ಹಚ್ಚಿದ. ಸೋಲ್ಡರ್ ಇಲ್ಲ, ಕನೆಕ್ಟರ್ ಇಲ್ಲ, ಬೇರೆ ಫ್ಯೂಸೂ ಇಲ್ಲ. ನಮ್ಮ ಕರಾವಳಿಯ ಸೆಕೆಗೆ ಟೇಪಿನ ಅಂಟು ಎರಡು ತಿಂಗಳಲ್ಲಿ ಹಲಸಿನ ಮೇಣವಾಗುತ್ತದೆ. ಒಳಗೆ ಉಪ್ಪಿನ ಗಾಳಿ ಹೊಕ್ಕು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ದೇವರ ಕೊಡಪಾನವಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಡ್ಯಾಶ್‌ಬೋರ್ಡಿನೊಳಗೆ ಯಾರು ತಿಕ್ಕುತ್ತಾರೆ?

ಮುಂದಿನ ಗಾಜಿನ ಪಕ್ಕದ ಪ್ಲಾಸ್ಟಿಕ್ ಕಿತ್ತಾಗ ಹಳದಿ ಕವಚದ ವೈರು ಕಂಡಿತು. ಏರ್‌ಬ್ಯಾಗಿಗೆ ಹೋಗುವ ವೈರಿಗೆ ಸಾಮಾನ್ಯವಾಗಿ ಹಳದಿ ಹಾಕುತ್ತಾರೆ, ಯಾರೂ ಮುಟ್ಟದಿರಲಿ ಎಂದು.

"ಅದನ್ನ ಮುಟ್ಟಬೇಡ ಹಾಂ," ಎಂದೆ.

"ಅದು ಬೇಕಾದ್ದಲ್ಲ ಸರ್. ಸುಮ್ನೆ ಕಂಪನಿಯವರು ಕೊಟ್ಟಿರ್ತಾರೆ."

ಮೂರನೇ ದಿನ ಫ್ಯೂಸ್ ಹೋಯಿತು. ತಲೆ ಮೇಲಿನ ದೀಪ, ಗಡಿಯಾರ, ಸೆಂಟ್ರಲ್ ಲಾಕ್ ಎಲ್ಲ ಅದೇ ಫ್ಯೂಸಿನಲ್ಲಿದ್ದವು. ಎಲ್ಲವೂ ಒಟ್ಟಿಗೆ ಸತ್ತವು. ಫ್ಯೂಸ್ ಪಾಪ, ತನ್ನ ಕೆಲಸ ಮಾಡಿತ್ತು. ಎಲ್ಲೋ ಟೇಪು ಜಾರಿ ವೈರು ಕಾರಿನ ತಗಡಿಗೆ ತಗಲಿತ್ತು. ವೈರು ಸುಡುವ ಮೊದಲು ತಾನು ಸುಟ್ಟುಕೊಳ್ಳುವುದು, ಅಷ್ಟೇ ಅದಕ್ಕೆ ಗೊತ್ತು. ಇಡೀ ಕಾರಿನಲ್ಲಿ ಪ್ರಾಮಾಣಿಕ ಅಂತ ಇದ್ದಿದ್ದು ಅದೊಂದೇ. ಅದನ್ನು ಕಿತ್ತು ಬಿಸಾಡಿದರು. ಇದ್ದಿದ್ದು 10 ಆಂಪಿಯರಿನದು. ಹುಡುಗ 30ರದ್ದು ತುರುಕಿದ. "ಇನ್ನು ಹೋಗೋದಿಲ್ಲ ಸರ್, ಗ್ಯಾರಂಟಿ."

ಹೋಗುವುದಿಲ್ಲ, ನಿಜ. ಇನ್ನು ಸುಡುವುದಿದ್ದರೆ ವೈರೇ ಸುಡಬೇಕು. 10ರ ಫ್ಯೂಸಿನ ಬಣ್ಣ ಕೆಂಪು, 30ರದ್ದು ಹಸಿರು. ಕೆಂಪು ತೆಗೆದು ಹಸಿರು ಹಾಕಿದ್ದಾನೆ. ಬೆಂಕಿಗೆ ಸಿಗ್ನಲ್ ಬಿಟ್ಟ ಹಾಗೆ.

ಈ ಬೆಳಕಿನ ಹುಚ್ಚು ನಮ್ಮ ಸಮುದ್ರದಲ್ಲೂ ಇದೆ ನೋಡಿ. ಬೋಟಿನಲ್ಲಿ ಜನರೇಟರ್ ಇಟ್ಟು, ನೀರಿಗೆ ದೊಡ್ಡ ದೊಡ್ಡ ಲೈಟ್ ಬಿಟ್ಟು, ಬೆಳಕಿಗೆ ಮಳ್ಳಾಗಿ ಬಂದ ಮೀನನ್ನು ಮರಿ ಸಮೇತ ಬಾಚುವ ಲೈಟ್ ಫಿಶಿಂಗ್. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಾಡದೋಣಿಯವರು ಇವತ್ತಿಗೂ ಅದರ ಮೇಲೆ ಕೂಗುತ್ತಿದ್ದಾರೆ. ಬೆಳಕು ಕಂಡು ಬಾಯಿ ಬಿಟ್ಟುಕೊಂಡು ಬರುವುದು ಬಂಗುಡೆ ಮಾತ್ರ ಎಂದುಕೊಂಡಿದ್ದೆ. ಅಳಿಯನ ಕಾರಿನ ಸುತ್ತ ನಿಂತ ಅವನ ಗೆಳೆಯರನ್ನು ನೋಡಿದ ಮೇಲೆ ಆ ಅಭಿಪ್ರಾಯ ಬಿಟ್ಟೆ.

ಒಂದು ರಾತ್ರಿ ಅವನ ಜೊತೆ ದೇವಿಮನೆ ಘಟ್ಟ ಹತ್ತಿದೆ, ಶಿರಸಿಗೆ. ಮಂಜು ಬೇರೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಕಾರೊಳಗೆ ನೀಲಿ ಬೆಳಕು ಕುಣಿಯುತ್ತಿದ್ದರೆ ಜನ್ಮದಲ್ಲಿ ಹೊಂದಿಕೊಳ್ಳುವುದಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆ ಕಾಣಲಿಲ್ಲ. ನನ್ನ ಮುಖ ಕಂಡಿತು, ನೀಲಿಯಾಗಿ. ಅದರ ಹಿಂದೆ ಎಲ್ಲೋ ತಿರುವು ಇತ್ತು.

"ಆರಿಸೋ," ಎಂದೆ.

"ಹಾಡಿಗೆ ಸರಿಯಾಗಿ ಬದಲಾಗ್ತದೆ ಮಾವ, ನೋಡಿ."

ಬೈಯಬೇಕು ಅನ್ನಿಸುತ್ತದೆ. ಆದರೆ ಹುಡುಗನನ್ನು ಮಾತ್ರ ಬೈದು ಏನು ಮಾಡೋಣ? ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ. ಸೂಪಾ ಅನ್ನುವ ಊರನ್ನೇ ಮುಳುಗಿಸಿ ನಾಡಿಗೆ ಕರೆಂಟ್ ಕೊಟ್ಟ ಜಿಲ್ಲೆ ಇದು. ಅದೇ ಜಿಲ್ಲೆಯ ಚತುಷ್ಪಥದಲ್ಲಿ ಕಂಬವಿದೆ, ಕಂಬದ ತುದಿಗೆ ದೀಪವಿದೆ, ನಾನು ಬರುವ ರಾತ್ರಿಗಳಲ್ಲಿ ಬೆಳಕೊಂದಿಲ್ಲ. ಟೋಲ್ ಗೇಟಿನ ದೀಪ ಆರಿದ್ದನ್ನು ಮಾತ್ರ ಒಂದು ದಿನವೂ ನೋಡಿಲ್ಲ. ಬೆಳಕು ಬೇಕಾದವರು 12 ವೋಲ್ಟಿನ ಬ್ಯಾಟರಿಯಿಂದ, ಸ್ವಂತ ಖರ್ಚಿನಲ್ಲಿ, ಕಾಲಬುಡಕ್ಕೆ ಹಾಕಿಕೊಳ್ಳಬೇಕು.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಬಿತ್ತು. ರಸ್ತೆ ಬದಿ ಚಾದಂಗಡಿ ಇಟ್ಟುಕೊಂಡಿದ್ದ ಒಂದು ಸಂಸಾರವೇ ಹೋಯಿತು. ಗುಡ್ಡ ತಳ್ಳಿದ ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು. ನಡುವೆ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಲಾರಿಯ ಸಮೇತ ನದಿಗೆ ಬಿತ್ತು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುವುದಿಲ್ಲ. ಗುಡ್ಡವೂ ಸೇತುವೆಯೂ ಒಂದೇ ರಾತ್ರಿಯಲ್ಲಿ ಸಡಿಲ ಆಗುವುದಿಲ್ಲ. ಮಣ್ಣು ಉದುರುತ್ತದೆ, ಬಿರುಕು ಬಿಡುತ್ತದೆ. ಎಲ್ಲೋ ಒಂದು ಫ್ಯೂಸ್ ಹೋಗುತ್ತಲೇ ಇರುತ್ತದೆ. ಯಾರೋ ಬಂದು 30ರದ್ದು ತುರುಕಿ ಹೋಗುತ್ತಾರೆ. ಬರೆದೂ ಬರೆದೂ ನನಗೂ ಸಾಕಾಗಿದೆ.

ಇರಲಿ. ಅಳಿಯನ ಕಾರಿಗೆ ಬರೋಣ.

ಹೋದ ವಾರ ಕುಮಟೆ ಹತ್ತಿರ ಬಡಗುತಿಟ್ಟಿನ ಯಕ್ಷಗಾನ ಆಟವಿತ್ತು. ಒಂದು ಕಾಲಕ್ಕೆ ದೊಂದಿ ಬೆಳಕಿನಲ್ಲಿ ನಡೆದ ಆಟ, ಆಮೇಲೆ ಗ್ಯಾಸ್‌ಲೈಟಿಗೆ ಬಂತು, ಈಗ ಎಲ್‌ಇಡಿ. ನಾವು ಗದ್ದೆ ಅಂಚಿಗೆ ಕಾರು ನಿಲ್ಲಿಸಿ ಹೋದೆವು. ಅಳಿಯ ಲೈಟ್ ಆರಿಸಲಿಲ್ಲ. ಜನ ನೋಡಲಿ ಎಂದು. ಐದು ಮೀಟರ್ ಲೈಟಿನ ಪಟ್ಟಿ, 72 ವ್ಯಾಟ್, ಅಂದರೆ 6 ಆಂಪಿಯರ್. ಬ್ಯಾಟರಿ 35 ಆಂಪಿಯರ್-ಅವರಿನದು, ಅಂದರೆ ಹೊಸದಿದ್ದರೂ 6 ಆಂಪಿಯರನ್ನು ಆರು ಗಂಟೆ ಪೂರ್ತಿ ಕೊಡದ್ದು. ಇದು ಹಳೆಯದು ಬೇರೆ. ಕಾಲಮಿತಿ ಆಟ, ನಾಲ್ಕು ಗಂಟೆ. ಲೆಕ್ಕ ನೀವೇ ಹಾಕಿ.

ಮಂಗಳ ಮುಗಿಸಿ ಬಂದು ಕೀ ತಿರುಗಿಸಿದ. ಟಕ್. ಮತ್ತೆ ಟಕ್. ಅಷ್ಟೇ. ಎಂಜಿನ್ ಮಿಸುಕಲಿಲ್ಲ. ಪಟ್ಟಿ ಮಾತ್ರ ಉರಿಯುತ್ತಲೇ ಇತ್ತು, ಸ್ವಲ್ಪ ಮಂಕಾಗಿ. ನೇರಳೆ, ಹಸಿರು, ಮತ್ತೆ ನೇರಳೆ.

ನೂಕಲು ಜನ ಬೇಕಲ್ಲ. ವೇಷ ಕಟ್ಟುವ ಚೌಕಿಯಿಂದ ಒಬ್ಬರು ಬಂದರು. ಮೈಮೇಲೆ ಬನಿಯನ್, ಮುಖದಲ್ಲಿ ಇನ್ನೂ ಅರ್ಧ ರಾಕ್ಷಸ ಉಳಿದಿತ್ತು. ಕೈ ಹಚ್ಚಿ ಗದ್ದೆ ಅಂಚಿನುದ್ದಕ್ಕೂ ನೂಕಿದರು. ಮೂರನೇ ಸಲಕ್ಕೆ ಎಂಜಿನ್ ಕೆಮ್ಮಿ ಎದ್ದಿತು. ಅವರು ಸುಧಾರಿಸಿಕೊಳ್ಳುತ್ತ ಕಿಟಕಿಯಿಂದ ಒಳಗೆ ಬಗ್ಗಿ ನೋಡಿದರು.

"ಎಷ್ಟು ಬಣ್ಣ ತಮಾ?"

"64," ಎಂದ ಅಳಿಯ.

"ನಮ್ಮದು ತೆಂಗಿನೆಣ್ಣೆ ಹಚ್ಚಿದ್ರೆ ಹೋಗ್ತದೆ," ಎಂದರು. "ಇದನ್ನ ಹ್ಯಾಗೆ ತೆಗೀತೆ?"