ಒಂದು ಲ್ಯಾಂಬ್ಡಾ, ಎರಡು ಸಾಲು
ಗಣಿತದ ಥೀಸಿಸ್ ಲೇಟೆಕ್‌ನಲ್ಲಿ (ಗಣಿತದ ಬರಹ ಅಚ್ಚಿಗೆ ಜೋಡಿಸುವ ಸಾಫ್ಟ್‌ವೇರ್) ಬರೆದು ಮುಗಿಸಿದ್ದೇನೆ. ಉಳಿದದ್ದು ಕೊನೆಯಲ್ಲಿ ಬರುವ ಚಿಹ್ನೆಗಳ ಸೂಚಿ, ಅಂದರೆ ಯಾವ ಚಿಹ್ನೆ ಯಾವ ಪುಟದಲ್ಲಿದೆ ಅನ್ನುವ ಪಟ್ಟಿ ಮಾತ್ರ. ಅದಕ್ಕೇ ಉಡುಪಿಯ ಈ ಮಳೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟೆ.

ಲೇಟೆಕ್‌ನಲ್ಲಿ ಗಣಿತದ ಚಿಹ್ನೆಗಳನ್ನು ಡಾಲರ್ ಗುರುತುಗಳ ನಡುವೆ ಬರೆಯಬೇಕು. ಹಾಗಾಗಿ ಸೂಚಿ ಜೋಡಿಸುವ ಪ್ರೋಗ್ರಾಮ್ ಮೇಕ್‌ಇಂಡೆಕ್ಸ್‌ಗೆ ಗ್ರೀಕ್‌ನ ಲ್ಯಾಂಬ್ಡಾ (λ) ಅಂದರೆ ಅಕ್ಷರ ಅಲ್ಲ, ಡಾಲರ್ ಗುರುತಿನಿಂದ ಶುರುವಾಗುವ ಏನೋ ಒಂದು. ಗ್ರೀಕ್ ಚಿಹ್ನೆಗಳನ್ನೆಲ್ಲ ತಂದು ಸೂಚಿಯ ಮೇಲ್ಭಾಗದಲ್ಲಿ ಸುರಿಯುತ್ತದೆ. ಸರಿಯಾದ ಜಾಗಕ್ಕೆ ಬರಬೇಕಾದರೆ ಪ್ರತಿ ಸಲವೂ ಮೊದಲು ಹೆಸರನ್ನು ಅಕ್ಷರದಲ್ಲಿ ಬರೆದು, ಆ್ಯಟ್ ಗುರುತು (@) ಹಾಕಿ, ಆಮೇಲೆ ಚಿಹ್ನೆ ಕೊಡಬೇಕು. ಒಂದು ಕಡೆ ಆ್ಯಟ್‌ಗೆ ಮುಂಚೆ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಅಷ್ಟಕ್ಕೇ ಅದು ಬೇರೆ ಹೆಸರು ಅಂತಾಗಿ ಸೂಚಿಯಲ್ಲಿ ಎರಡು ಲ್ಯಾಂಬ್ಡಾ! ಒಂದರ ಮುಂದೆ ಪುಟ 14, ಇನ್ನೊಂದರ ಮುಂದೆ ಪುಟ 63. ನೋಡಲು ಎರಡೂ ಒಂದೇ. ತಪ್ಪು ಎಲ್ಲಿ ಅಂತ ಹುಡುಕುವುದು ಹೇಗೆ?

ತಿದ್ದಿದ ಮೇಲೆ ಲೇಟೆಕ್, ಮೇಕ್‌ಇಂಡೆಕ್ಸ್, ಮತ್ತೆ ಲೇಟೆಕ್ ಓಡಿಸಬೇಕು. ಮಧ್ಯೆ ಕರೆಂಟ್ ಬೇರೆ ಹೋಗುತ್ತದೆ.

"ಸೂಚಿ ಯಾರು ನೋಡ್ತಾರೆ ಮಾರಾಯ, ಬಿಡು" ಅಂತಾನೆ ರೂಮ್‌ಮೇಟ್. ನಾನು ನೋಡುತ್ತೇನಲ್ವಾ! 80ನೇ ಪುಟಕ್ಕೆ ಬಂದು, ಚಿಹ್ನೆಯ ಅರ್ಥ ಮರೆತು, ಒಂದೊಂದೇ ಪುಟ ಹಿಂದೆ ತಿರುಗಿಸುವ ಸಂಕಟ ನನಗೆ ಗೊತ್ತು. ನನ್ನ ಥೀಸಿಸ್ ಓದುವವರಿಗೆ ಅದು ಬೇಡ.