ಹುಚ್ಚು, ಮದುವೆ ಮತ್ತು ಫಾರ್ಮ್ 35

ಸಾಲ ತೀರದ ಕಾರನ್ನು ಮಾರಲು ಹೊರಟವರ ಪಾಡನ್ನು ನಮ್ಮ ಹಿರಿಯರು ಕಾರು ಬರುವ ಮೊದಲೇ ಗಾದೆ ಮಾಡಿಟ್ಟಿದ್ದಾರೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊಳ್ಳುವವರು "ಬ್ಯಾಂಕಿನ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನೋ ಪತ್ರ, ತನ್ನಿ, ದುಡ್ಡು ಕೊಡ್ತೀನಿ" ಅಂತಾರೆ. ಬ್ಯಾಂಕಿನವರು "ದುಡ್ಡು ಕಟ್ಟಿ, ಎನ್‌ಒಸಿ ಕೊಡ್ತೀವಿ" ಅಂತಾರೆ. ನಡುವೆ ನಿಂತ ಮಾಲೀಕರ ಹತ್ತಿರ ಇರುವುದು ಪುಣೆಯ ಕೋಥ್ರುಡ್‌ನ ಸೊಸೈಟಿ ಪಾರ್ಕಿಂಗ್‌ನಲ್ಲಿ ತೊಳೆದು ಒರೆಸಿ ನಿಲ್ಲಿಸಿದ ಕಾರೊಂದೇ. ಅದರ ಆರ್‌ಸಿಯಲ್ಲೂ ಅವರ ಹೆಸರಿನ ಜೊತೆ ಬ್ಯಾಂಕಿನ ಹೆಸರು ಕೂತಿರುತ್ತದೆ. ಆರ್‌ಟಿಒ ಭಾಷೆಯಲ್ಲಿ ಇದಕ್ಕೆ ಎಚ್‌ಪಿ ಅನ್ನುತ್ತಾರೆ, ಅಂದರೆ ಕಾರು ಬ್ಯಾಂಕಿಗೆ ಅಡವಿದೆ ಎಂಬ ನಮೂದು. ಎಚ್‌ಪಿ ಇಳಿಯದೆ ಕಾರು ಇನ್ನೊಬ್ಬರ ಹೆಸರಿಗೆ ಹತ್ತುವುದಿಲ್ಲ.

ಮೊದಲ ಏಟು ಲೆಕ್ಕದ್ದು. ಎಂಟು ಲಕ್ಷ ಸಾಲ, ಶೇ. 9.5 ಬಡ್ಡಿ, ಏಳು ವರ್ಷ ಅವಧಿ ಅಂತಿಟ್ಟುಕೊಳ್ಳಿ. ಕಂತು 13,075 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದರೆ 4,70,700 ಆಯಿತು. "ಅರ್ಧಕ್ಕಿಂತ ಹೆಚ್ಚು ತೀರಿಸಿಬಿಟ್ಟೆ" ಎಂದು ಮೀಸೆ ತಿರುವಿ ಸ್ಟೇಟ್‌ಮೆಂಟ್ ತೆಗೆಸಿದರೆ ಬಾಕಿ 5,20,000 ಚಿಲ್ಲರೆ! ಬ್ಯಾಂಕಿನವರು ಮೋಸ ಮಾಡಿಲ್ಲ. ಮೊದಲ ಕಂತಿನಲ್ಲೇ 6,333 ರೂಪಾಯಿ ಬರೀ ಬಡ್ಡಿ. ಅಸಲು ಕರಗುವುದು ಕೊನೆಕೊನೆಗೆ. ಅಷ್ಟರಲ್ಲಿ ಕಾರಿನ ಬೆಲೆ ಐದು ಲಕ್ಷಕ್ಕೆ ಇಳಿದಿದ್ದರೆ, ಮಾರಿದವರೇ ಕೈಯಿಂದ ಇಪ್ಪತ್ತು ಸಾವಿರ ಹಾಕಿ ಕಾರು ಕಳಿಸಿಕೊಡಬೇಕು, ಮಗಳ ಮದುವೆ ಮಾಡಿದ ಹಾಗೆ. ಆದ್ದರಿಂದ ಜಾಹೀರಾತು ಹಾಕುವ ಮೊದಲು ಬಾಕಿ ನೋಡಿ. "ಫಾಯ್ನಲ್ ಕಿತೀ?" (ಕೊನೇ ರೇಟು ಎಷ್ಟು?) ಎಂದು ಹತ್ತು ಜನ ಮೆಸೇಜ್ ಮಾಡಿದ ಮೇಲೆ ನೋಡಿದರೆ ಬಿಪಿ ಏರುತ್ತದೆ.

ಆಮೇಲೆ ಬ್ಯಾಂಕಿನಿಂದ ಫೋರ್‌ಕ್ಲೋಶರ್ ಲೆಟರ್ ತರಿಸಿ, ಅಂದರೆ ಸಾಲವನ್ನು ಈಗಲೇ ಮುಗಿಸಲು ಎಷ್ಟು ಕಟ್ಟಬೇಕೆಂಬ ಪತ್ರ. ಅದರಲ್ಲಿ ಬಾಕಿ ಅಸಲು, ಅವಧಿಗೆ ಮುಂಚೆ ಮುಗಿಸುವುದಕ್ಕೆ ಶುಲ್ಕವಿದ್ದರೆ ಅದು, ಅದರ ಮೇಲೆ ಜಿಎಸ್‌ಟಿ, ಮತ್ತು ಬಹಳ ಜನ ಓದದೆ ಬಿಡುವ ಒಂದು ಸಾಲು: ಈ ಮೊತ್ತ ಇಂಥ ತಾರೀಕಿನವರೆಗೆ ಮಾತ್ರ. ಮೇಲಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 135 ರೂಪಾಯಿ ಬಡ್ಡಿ ಬೆಳೆಯುತ್ತದೆ. ಗಡುವು ಮುಗಿದ ಮೇಲೆ ಹಳೆಯ ಮೊತ್ತ ಕಟ್ಟಿದರೆ ಐದಾರು ನೂರು ರೂಪಾಯಿ ಬಾಕಿ ಉಳಿದು, ಸಾಲ ಮುಚ್ಚದೆ, ಎನ್‌ಒಸಿ ಹುಟ್ಟದೆ, ಕೊಂಡವರು ದಿನಾ ಫೋನ್ ಮಾಡುತ್ತಾರೆ. ಇನ್ನೊಂದು ಗುಂಡಿ ಕಂತಿನ ತಾರೀಕು. ಐದನೇ ತಾರೀಕು ಕಂತು ಕತ್ತರಿಸುವವರು ನಾಲ್ಕಕ್ಕೆ ಸಾಲ ತೀರಿಸಿದರೆ, ಐದರ ಬೆಳಿಗ್ಗೆ ಕಂತೂ ಹೋಗಿರುತ್ತದೆ. ಆದೇಶ ಮೊದಲೇ ಹೊರಟಿರುತ್ತದಲ್ಲ. ವಾಪಸ್ ಬರುತ್ತದೆ ನಿಜ, ಬರುವಾಗ ಎತ್ತಿನಗಾಡಿಯಲ್ಲಿ ಬರುತ್ತದೆ. ಕಂತಿಗೆ ಒಂದು ವಾರ ಮೊದಲೋ, ಕಂತು ಹೋದ ಮೇಲೋ ಮುಗಿಸಿ.

ಹುಚ್ಚು-ಮದುವೆಯ ಗಂಟು ಬಿಚ್ಚುವ ದಾರಿ ಒಂದೇ. ಕೊಳ್ಳುವವರು ಬಾಕಿಯಷ್ಟು ಹಣವನ್ನು ನಿಮ್ಮ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೇ ಆರ್‌ಟಿಜಿಎಸ್ ಮಾಡಬೇಕು. ಫೋರ್‌ಕ್ಲೋಶರ್ ಲೆಟರಿನ ಪ್ರತಿ ಅವರ ಕೈಯಲ್ಲಿರಲಿ, ಖಾತೆ ಸಂಖ್ಯೆಯನ್ನು ಅವರೇ ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಲಿ. ಮಿಕ್ಕ ಹಣ ಎನ್‌ಒಸಿ ಬಂದ ದಿನ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬೇಡಿ. ಆದಾಯ ತೆರಿಗೆಯವರು ತೆಗೆದುಕೊಂಡಷ್ಟೇ ದಂಡ ಹಾಕಬಹುದು. ಇದೆಲ್ಲ ಒಂದು ಕರಾರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಪುಣೆಯಲ್ಲಿ ಕನ್ನಡಿಗರು ಎಡವುವುದು ಇಲ್ಲೇ. ಕೊಳ್ಳುವವರು ಬೆಳಗಾವಿಯವರು, ಸಂಘದ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕವರು. ಚಹಾ ಆಯಿತು, ಊರು-ಕೇರಿ ಆಯಿತು, ದೂರದ ಬೀಗತನವೂ ಹೊರಬಿತ್ತು. "ಸರ, ಕರಾರು ಗಿರಾರು ಯಾಕ್ರೀ? ಕಂತು ನಾನs ಕಟ್ಕೊಂಡ್ ಹೋಗ್ತೀನಿ. ನಾವೇನ್ ಓಡಿ ಹೋಗ್ತೀವೇನ್ರೀ?" ಓಡಿ ಹೋಗುವುದಿಲ್ಲ, ಕಾರಿನಲ್ಲಿ ಹೋಗುತ್ತಾರೆ. ಸಾಲ ನಿಮ್ಮ ಹೆಸರಲ್ಲಿ, ಸಿಬಿಲ್ ಅಂಕ ನಿಮ್ಮದು, ವಸೂಲಿಯವರ ಫೋನು ನಿಮಗೆ. ಬ್ಯಾಂಕಿಗೆ ತಿಳಿಸದೆ ಕಾರು ಕೊಟ್ಟದ್ದಕ್ಕೆ ಸಾಲದ ಕರಾರು ಮುರಿದವರೂ ನೀವೇ. ದಸರಾಕ್ಕೆ ಆಯುಧಪೂಜೆ ಮಾಡಬೇಕು ಅಂದರೂ ಸರಿ, ಎನ್‌ಒಸಿ ಬರುವವರೆಗೆ ಕಾರು ನಿಮ್ಮ ಪಾರ್ಕಿಂಗ್‌ನಲ್ಲೇ ನಿಲ್ಲಲಿ. ಬೇಕಿದ್ದರೆ ಕುಂಬಳಕಾಯಿ ಅಲ್ಲಿಗೇ ತಂದು ಒಡೆಯಲಿ.

ಎನ್‌ಒಸಿ ಜೊತೆಗೆ ಬ್ಯಾಂಕಿನ ಸಹಿ-ಮೊಹರಿನ ಫಾರ್ಮ್ 35 ಎರಡು ಪ್ರತಿ ಬರಬೇಕು. ಆರ್‌ಸಿಯಿಂದ ಎಚ್‌ಪಿ ಇಳಿಸುವ ಅರ್ಜಿ ಇದೇ. ಕವರ್ ಒಡೆದ ಕೂಡಲೇ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಬಿ ಜಾಗದಲ್ಲಿ 8 ಬಿದ್ದಿದ್ದರೆ ಆರ್‌ಟಿಒ ಕಿಟಕಿಯಿಂದ ವಾಪಸ್. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಕಾರು ಕರ್ನಾಟಕಕ್ಕೆ ಹೋಗುವುದಾದರೆ ಆರ್‌ಟಿಒದ್ದೇ ಬೇರೆ ಎನ್‌ಒಸಿ, ಅದು ಫಾರ್ಮ್ 28. ಬ್ಯಾಂಕಿನದೂ ಎನ್‌ಒಸಿ, ಇದೂ ಎನ್‌ಒಸಿ. ಒಂದನ್ನು ತಂದು ಇನ್ನೊಂದು ತಂದೆವೆಂದು ಕುಣಿದವರು ಬಹಳ. ಆಚೆ ಹೋದ ಮೇಲೆ ಅಲ್ಲಿಯ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಅದನ್ನು ಕೊಳ್ಳುವವರು ನಿಮ್ಮ ಬೆಲೆಯಲ್ಲೇ ಕಳೆಯುತ್ತಾರೆ, ಸಿದ್ಧರಾಗಿರಿ. ಒಟಿಪಿ ಹಳೆಯ ಮೊಬೈಲ್ ನಂಬರಿಗೆ ಹೋಗುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಎಕ್ಸ್‌ಪ್ರೆಸ್ ವೇ ಕ್ಯಾಮೆರಾಗಳು ಹಿಡಿದ ಇ-ಚಲನ್‌ಗಳನ್ನೂ ತೀರಿಸಿ. ಮನೆಯವರಿಗೆ ಹೇಳದ ಚಲನ್ ಹೊರಬೀಳುವುದು ಈ ಹಂತದಲ್ಲೇ.

ಖಾಲಿ ಫಾರ್ಮಿಗೆ ಸಹಿ ಹಾಕಿ ಏಜೆಂಟರ ಕೈಗೆ ಕೊಡುವ ರೂಢಿಯೊಂದಿದೆ. ಆ ಕಾರು ಮೂರು ಕೈ ದಾಟಿ ಎಲ್ಲೋ ಗುದ್ದಿದರೆ ನೋಟಿಸ್ ನಿಮ್ಮ ಮನೆಗೆ. ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಯಾಗಿದೆ. ಕೀಲಿ ಕೊಡುವಾಗ ತಾರೀಕು, ಗಂಟೆ, ಕಿಲೋಮೀಟರ್ ಬರೆದು ಸಹಿ ಹಾಕಿಸಿಕೊಳ್ಳಿ. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ ನಿಮ್ಮದು, ಕಾರಿನದಲ್ಲ. ಪತ್ರ ಮಾಡಿಸಿ ಇಟ್ಟುಕೊಂಡರೆ ಮುಂದಿನ ಕಾರಿಗೆ ಬರುತ್ತದೆ.

ಇಷ್ಟೆಲ್ಲ ಮಾಡಿದವರೂ ಮರೆಯುವುದು ಗಾಜಿನ ಮೇಲಿನ ಫಾಸ್ಟ್ಯಾಗ್. ಕೀಲಿ ಕೊಟ್ಟು, ಟಾಟಾ ಮಾಡಿ, ಮೇಲೆ ಬಂದು ಚಹಾ ಸೋಸುವಾಗ ಮೊಬೈಲ್ ಕಿಣಿ ಅನ್ನುತ್ತದೆ: ಖೇಡ್ ಶಿವಾಪುರ ಟೋಲು, ನಿಮ್ಮ ಖಾತೆಯಿಂದ. ಸ್ವಲ್ಪ ಹೊತ್ತಿಗೆ ಆನೇವಾಡಿ, ಆಮೇಲೆ ತಾಸವಡೆ. ಮುಂದಿನ ಟೋಲಿನ ಹೆಸರೇ ಕಿಣಿ. ಊಟ ಮುಗಿಸಿ ಕೈ ತೊಳೆಯುವಾಗ ಕೊಗನೊಳ್ಳಿ, ಗಡಿ ದಾಟಿತು. ಹತ್ತರಗಿ ಬಂತೆಂದರೆ ಬೆಳಗಾವಿ ಹತ್ತಿರವಾಯಿತು ಅಂತ ಅರ್ಥ. ಸುಖವಾಗಿ ಊರು ಮುಟ್ಟಿದೆವೆಂದು ಅವರು ಫೋನ್ ಮಾಡದಿದ್ದರೂ ನಡೆಯುತ್ತದೆ, ನಿಮ್ಮ ಖಾತೆಯೇ ಹೇಳಿರುತ್ತದೆ. ವಾಪಸ್ ಬರುವುದರೊಳಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ.