ದೆಹಲಿಗೆ ಹೊರಟ ಡೈನಿಂಗ್ ಟೇಬಲ್

ಕಾರು ಓಡಿಸಿಕೊಂಡು ನಾನು ನೆಲಮಂಗಲ ದಾಟಿದವನಲ್ಲ. ಟೋಲ್ ಗೇಟ್ ಕಂಡ ಕೂಡಲೇ ಸ್ಟೀರಿಂಗ್ ಹೆಂಡತಿಗೆ ಕೊಟ್ಟು ಪಕ್ಕದ ಸೀಟಿಗೆ ಬಂದುಬಿಡುತ್ತೇನೆ. ಅಂಥವನು ಕಳೆದ ಜನವರಿಯ ಎರಡನೇ ಶನಿವಾರ, ಲುಂಗಿ ಉಟ್ಟುಕೊಂಡು, ಏರ್‌ಬಸ್ ಎ320 ವಿಮಾನವೊಂದನ್ನು ಬೆಂಗಳೂರಿನಿಂದ ದೆಹಲಿಗೆ ಒಯ್ದೆ. ಕಂಪ್ಯೂಟರಿನಲ್ಲೇ ಅನ್ನಿ. ಆದರೂ ಒಯ್ದೆ.

ಈ ಹುಚ್ಚು ಇವತ್ತಿನದಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಕಾಫಿಗೆ ಹೋದ ತಕ್ಷಣ ನಾಲ್ಕು ಜನ ಒಂದೇ ಕೀಬೋರ್ಡಿನ ಮೇಲೆ ಮುಗಿಬಿದ್ದು ಚಿಕಾಗೋದ ಮೇಗ್ಸ್ ಫೀಲ್ಡಿನಿಂದ ಪುಟ್ಟ ಸೆಸ್ನಾ ವಿಮಾನ ಎಬ್ಬಿಸುತ್ತಿದ್ದೆವು. ಆಗಿನ ಫ್ಲೈಟ್ ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಕಂಪ್ಯೂಟರ್ ಆಟ, ತೆರೆದರೆ ಅದೇ ಏರ್‌ಪೋರ್ಟ್ ಬರುತ್ತಿತ್ತು. ಎದ್ದ ಎರಡು ನಿಮಿಷಕ್ಕೆ ಪಕ್ಕದ ಮಿಷಿಗನ್ ಸರೋವರಕ್ಕೆ ಬೀಳುತ್ತಿದ್ದೆವು. 2003ರಲ್ಲಿ ಅಲ್ಲಿನ ಮೇಯರ್ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ ಆ ರನ್‌ವೇಯನ್ನೇ ಅಗೆಸಿಬಿಟ್ಟರು. ನಮ್ಮಂಥವರ ಕಾಟ ತಡೆಯಲಾರದೆ ಇರಬೇಕು.

ಈಗ ಮನೆಯಲ್ಲಿ ಜಾಯ್‌ಸ್ಟಿಕ್ ಇದೆ, ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಲಿವರ್, ಅಂದರೆ ಥ್ರಾಟಲ್ ಇದೆ. ಎರಡೂ ಸೆಕೆಂಡ್ ಹ್ಯಾಂಡ್. ಜಾಯ್‌ಸ್ಟಿಕ್ ಕೈ ಬಿಟ್ಟರೆ ಎಡಕ್ಕೆ ಎಳೆಯುತ್ತದೆ, ನಮ್ಮಪ್ಪನ ಲೂನಾ ಹಾಗೆ. ಇವನ್ನೆಲ್ಲ ಇಡಲು ಜಾಗ ಅಂತ ಇರುವುದು ಡೈನಿಂಗ್ ಟೇಬಲ್ ಒಂದೇ. ಅವತ್ತು ಸಂಕ್ರಾಂತಿ ಹತ್ತಿರ ಬಂದಿದ್ದರಿಂದ ಟೇಬಲಿನ ಒಂದು ತುದಿಯಲ್ಲಿ ಅಮ್ಮ ಎಳ್ಳು-ಬೆಲ್ಲಕ್ಕೆ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದಳು, ಇನ್ನೊಂದು ತುದಿ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ನಡುವೆ ಹಳೆಯ ಪೇಪರ್ ಮಡಚಿಟ್ಟು ಗಡಿ ಮಾಡಿಕೊಂಡಿದ್ದೆವು. ಈ ಗಡಿಯ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ನಿಷ್ಠಾವಂತರು ವಿಮಾನವನ್ನು ಪೂರ್ತಿ ಆರಿದ ಸ್ಥಿತಿಯಿಂದ ಶುರು ಮಾಡಬೇಕು. ಬ್ಯಾಟರಿ ಹಾಕು, ಬಾಲದಲ್ಲಿರುವ ಪುಟಾಣಿ ಎಂಜಿನ್ ಎಬ್ಬಿಸು, ಆಮೇಲೆ ವಿಮಾನಕ್ಕೆ ತಾನು ಭೂಮಿಯ ಮೇಲೆ ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಅಂತ ಗೊತ್ತಾಗುವವರೆಗೆ ಕಾಯಿ. ಒಳಗಿನ ಗೈರೋಗಳು ಭೂಮಿ ತಿರುಗುವುದನ್ನು ಗಮನಿಸಿ ದಿಕ್ಕು ಕಂಡುಕೊಳ್ಳುತ್ತವಂತೆ. ಅದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ವಿಮಾನ ಅಲುಗಾಡಬಾರದು. ನಾನೂ ಅಲುಗಾಡದೆ ಕೂತಿದ್ದೆ.

"ಏನು, ಸುಮ್ನೆ ಕೂತಿದ್ದೀರಾ?" ಅಂತ ಅಡುಗೆಮನೆಯಿಂದ ಬಂತು.

"ಅಲೈನ್ ಆಗ್ತಾ ಇದೆ."

"ಮದುವೆ ಆದಾಗಿಂದ ನೋಡ್ತಾ ಇದ್ದೀನಿ, ಇನ್ನೂ ಆಗಿಲ್ವಾ?"

ಎತ್ತರ ತೋರಿಸುವ ಮೀಟರ್ ನಿಂತಲ್ಲೇ 3,000 ಅಡಿ ಅನ್ನುತ್ತಿತ್ತು. ಮೊದಲ ಸಲ ಇದನ್ನು ನೋಡಿದಾಗ ಕೆಟ್ಟುಹೋಗಿದೆ ಅಂದುಕೊಂಡು ಪ್ರೋಗ್ರಾಮನ್ನೇ ಮತ್ತೆ ಹಾಕಿಕೊಂಡಿದ್ದೆ, ಇಡೀ ರಾತ್ರಿ ಡೌನ್‌ಲೋಡ್. ಆಮೇಲೆ ಹೊಳೆಯಿತು, ದೇವನಹಳ್ಳಿಯ ನೆಲವೇ ಸಮುದ್ರಕ್ಕಿಂತ ಅಷ್ಟು ಮೇಲಿದೆ. ಬೆಂಗಳೂರಿನವರಿಗೆ ಮೂರು ಸಾವಿರ ಅಡಿ ಪುಕ್ಕಟೆ.

ಎರಡನೇ ಎಂಜಿನ್ ಶುರುವಾಗುವಾಗ ನಾಯಿ ಬೊಗಳಿತು. ತಮಾಷೆಯಲ್ಲ. ಎ320ರಲ್ಲಿ ಒಂದು ಹೈಡ್ರಾಲಿಕ್ ಲೈನಿನ ಒತ್ತಡವನ್ನು ಇನ್ನೊಂದಕ್ಕೆ ದಾಟಿಸುವ ಯಂತ್ರವೊಂದಿದೆ, ಎರಡನೇ ಎಂಜಿನ್ ಹೊತ್ತಿಕೊಳ್ಳುವಾಗ ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆ ಸದ್ದು ಥೇಟ್ ನಾಯಿ ಬೊಗಳಿದ ಹಾಗೆ, "ವೌ, ವೌ, ವೌ". ಈ ವಿಮಾನದಲ್ಲಿ ರೆಕ್ಕೆಯ ಹತ್ತಿರ ಕೂತಿದ್ದವರು ಕೇಳಿರುತ್ತೀರಿ. ಸ್ಪೀಕರ್ ಜೋರಾಗಿತ್ತು. ಅಮ್ಮ "ಹಚಾ, ಹಚಾ" ಅಂತ ಅಡಕತ್ತರಿ ಎತ್ತಿಕೊಂಡು ಎದ್ದಳು. ಕೆಳಗೆ ಬೀದಿಯಲ್ಲಿ ಮಲಗಿದ್ದ ನಿಜವಾದ ನಾಯಿ ಉತ್ತರ ಕೊಟ್ಟಿತು, ಅದಕ್ಕೆ ಪಕ್ಕದ ರಸ್ತೆಯದು, ಅದಕ್ಕೆ ಪಾರ್ಕಿನದು. ನಾನು ರನ್‌ವೇ ಮುಟ್ಟುವಷ್ಟರಲ್ಲಿ ಇಡೀ ಬಡಾವಣೆಗೆ ಸುದ್ದಿಯಾಗಿತ್ತು.

ಪೂರ್ವಕ್ಕೆ ಎದ್ದು ಎಡಕ್ಕೆ ತಿರುಗಿದರೆ ನಂದಿ ಬೆಟ್ಟ. ನಕ್ಷೆಯಲ್ಲಿ ದೇವನಹಳ್ಳಿಯಿಂದ ದೆಹಲಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹೆಚ್ಚುಕಮ್ಮಿ ನೇರ ಉತ್ತರಕ್ಕೆ ಹೋಗುತ್ತದೆ, ಸುಮಾರು 1,700 ಕಿಲೋಮೀಟರ್. ಹತ್ತು ನಿಮಿಷಕ್ಕೆ ಕರ್ನಾಟಕ ಮುಗಿದು ಆಂಧ್ರ ಬರುತ್ತದೆ, ಆಮೇಲೆ ತೆಲಂಗಾಣ. ಸರಿ, ರಾಜ್ಯ ಬಿಟ್ಟೆವು ಅಂತ ಕೂತಿದ್ದರೆ ಮುಕ್ಕಾಲು ಗಂಟೆ ಕಳೆದ ಮೇಲೆ ಕೆಳಗೆ ಬೀದರ್! ಸರಿಯಾಗಿ ಮೂಗಿನ ಕೆಳಗೆ. ಬಸ್ಸಿನಲ್ಲಿ ಬೀದರಿಗೆ ಒಂದು ರಾತ್ರಿ ಪೂರ್ತಿ ಬೇಕು, ನಾನು ಎರಡು ಲೋಟ ಕಾಫಿಗೆ ಬಂದಿದ್ದೆ. ಅಮ್ಮನಿಗೆ ಹೇಳಿದೆ. ಅವಳಿಗೆ ಏನೂ ಅನ್ನಿಸಲಿಲ್ಲ.

"ಗುಂತಕಲ್ ಬಂತಾ?" ಅಂದಳು.

ಅಮ್ಮ ದೆಹಲಿಗೆ ಹೋಗಿರುವುದು ಒಂದೇ ಸಲ, ಮದುವೆಯಾದ ಹೊಸತರಲ್ಲಿ, ಕೆಕೆ ಎಕ್ಸ್‌ಪ್ರೆಸ್‌ನಲ್ಲಿ. ಈಗ ಅದು ಕರ್ನಾಟಕ ಎಕ್ಸ್‌ಪ್ರೆಸ್ ಆಗಿದೆ, ಆದರೆ ಅವಳ ಪಾಲಿಗೆ ಕೆಕೆಯೇ. ಎರಡು ರಾತ್ರಿಯ ಪ್ರಯಾಣ. ಗುಂತಕಲ್‌ನಲ್ಲಿ ನೀರು ತುಂಬಿಕೊಂಡದ್ದು, ಸೋಲಾಪುರದಲ್ಲಿ ಚಾದರ ಕೊಳ್ಳದೆ ಬಂದದ್ದು, ಭೂಸಾವಳದಲ್ಲಿ ಬಾಳೆಹಣ್ಣು, ಎಲ್ಲ ಇನ್ನೂ ಬಾಯಿಪಾಠ. ದೆಹಲಿಗೆ ಹೋಗುವುದು ಅಂದರೆ ಅವಳ ಲೆಕ್ಕದಲ್ಲಿ ಇಷ್ಟೂ ಸ್ಟೇಷನ್ ಬರಲೇಬೇಕು. ಬರಲಿಲ್ಲ ಅಂದರೆ ನಾನು ದಾರಿ ತಪ್ಪಿದ್ದೇನೆ. ವಿಮಾನ ಸೋಲಾಪುರದ ಕಡೆ ಹೋಗುವುದೇ ಇಲ್ಲ ಅಂತ ಎಷ್ಟು ಹೇಳಿದರೂ, "ಯಾರನ್ನಾದರೂ ಕೇಳೋ" ಅನ್ನುತ್ತಾಳೆ. 36,000 ಅಡಿಯಲ್ಲಿ ಯಾರನ್ನು ಕೇಳಲಿ?

ಇಂಥ ಹಾರಾಟದಲ್ಲಿ ನಡುವಿನ ಒಂದೂವರೆ ಗಂಟೆ ಏನೂ ಆಗುವುದಿಲ್ಲ. ಇದನ್ನು ಹೊರಗಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಆಟೋಪೈಲಟ್ ಹಾರಿಸುತ್ತದೆ, ನಾವು ಅದನ್ನು ನೋಡುತ್ತೇವೆ. ಆಗಾಗ ಇಂಧನ ಎಷ್ಟಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಬೇಕಾದರೆ ನಾಲ್ಕು ಪಟ್ಟು ವೇಗ ಮಾಡಿಕೊಳ್ಳುವ ಗುಂಡಿ ಇದೆ, ಆದರೆ ಅದನ್ನು ಒತ್ತುವುದು ಶಿವರಾತ್ರಿ ಜಾಗರಣೆಯಲ್ಲಿ ನಿದ್ದೆ ಮಾಡಿದ ಹಾಗೆ.

ನರ್ಮದೆ ಬಂದಾಗ ಮಾತ್ರ ಅಮ್ಮನನ್ನು ಕರೆದೆ, ಅವಳೇ ಹೇಳಿಟ್ಟಿದ್ದಳು. ಕಂದು ನೆಲದ ಮೇಲೆ ಬೆಳ್ಳಗೆ ಒಂದು ದಾರ. ಉಪಗ್ರಹದ ಚಿತ್ರ ಹೊದಿಸಿದ ನೆಲ, ಅಷ್ಟೇ. ಅಮ್ಮ ಕೊಬ್ಬರಿಯ ಕೈ ಸೆರಗಿಗೆ ಒರೆಸಿಕೊಂಡು, ಮಾನಿಟರಿಗೆ ಕೈ ಮುಗಿದು, ಬ್ಲೌಸಿನ ಪರ್ಸಿನಿಂದ ಎರಡು ರೂಪಾಯಿ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. ರೈಲಿನ ಕಿಟಕಿಯಿಂದ ಅವತ್ತು ಹಾಕಲಾಗಿರಲಿಲ್ಲವಂತೆ. ನಾನೂ ನಗಲಿಲ್ಲ. "ಮುಂದೆ ಚಂಬಲ್ ಬರುತ್ತೆ, ಕಳ್ಳರ ಸೀಮೆ, ಕಿಟಕಿ ಹಾಕ್ಕೋ" ಅಂತ ಎಚ್ಚರಿಕೆ ಕೊಟ್ಟು ಹೋದಳು.

ಚಂಬಲ್ ಇನ್ನೇನು ಬರಬೇಕು, ಬೆಲ್ ಆಯಿತು. ಗ್ಯಾಸ್ ಸಿಲಿಂಡರ್.

ಇಲ್ಲಿ ಸ್ವಲ್ಪ ವಿವರ ಬೇಕು. 36,000 ಅಡಿಯಿಂದ ಇಳಿಯಲು ಪೈಲಟ್‌ಗಳು ಒಂದು ಬಾಯಿಲೆಕ್ಕ ಇಟ್ಟುಕೊಂಡಿರುತ್ತಾರೆ, ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಅಂದರೆ 108, ನಮ್ಮ ಲೆಕ್ಕದಲ್ಲಿ 200 ಕಿಲೋಮೀಟರ್, ವೇಗ ತಗ್ಗಿಸಿಕೊಳ್ಳಲು ಮೇಲೆ ಇನ್ನಷ್ಟು. ದೆಹಲಿ ಇನ್ನೂ 220 ಕಿಲೋಮೀಟರ್ ಇದೆ ಅನ್ನುವಾಗಲೇ ಇಳಿಯಲು ಶುರು ಮಾಡಬೇಕು. ಎ320ರ ಕಂಪ್ಯೂಟರ್ ಆ ಜಾಗವನ್ನು ತಾನೇ ಲೆಕ್ಕ ಹಾಕಿ ಪರದೆಯಲ್ಲಿ ತೋರಿಸುತ್ತದೆ. ಆದರೆ ತಾನಾಗಿ ಇಳಿಯುವುದಿಲ್ಲ. ಪೈಲಟ್ ಒಂದು ಗುಬುಟು ತಿರುಗಿಸಿ, ಎಷ್ಟಕ್ಕೆ ಇಳಿಯಬೇಕು ಅಂತ ಹೇಳಿ, ಅದನ್ನು ಒತ್ತಬೇಕು. ಒತ್ತದಿದ್ದರೆ ಅದು ಹಾಗೇ ಹೋಗುತ್ತಿರುತ್ತದೆ.

ನನಗೆ ಇನ್ನೂ ಹತ್ತು ನಿಮಿಷ ಇತ್ತು. ಮಗಳನ್ನು ಕೂರಿಸಿದೆ. "ನೋಡ್ತಾ ಇರು, ಏನನ್ನೂ ಮುಟ್ಟಬೇಡ."

ಲಿಫ್ಟ್ ಕೆಟ್ಟಿತ್ತು, ಸಿಲಿಂಡರಿನವನು ಮೂರನೇ ಮಹಡಿಗೆ ಹತ್ತಲ್ಲ ಅಂದ. ನಾನೇ ಇಳಿದೆ. ಓಟಿಪಿ ಹೇಳಿ ಅಂದ. ಫೋನ್ ಮೇಲಿತ್ತು. ಹತ್ತಿದೆ. ಓಟಿಪಿ ಹೆಂಡತಿಯ ಫೋನಿಗೆ ಬಂದಿತ್ತು, ಅವಳು ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಲ್ಲಿಗೆ ಹತ್ತಿದೆ. ಇಳಿದೆ. ಅಷ್ಟರಲ್ಲಿ ಅವನು ಎದುರು ಮನೆಗೆ ಹೋಗಿದ್ದ. ಅವನು ಬರುವವರೆಗೆ ಕೆಳಗಿನ ಮನೆಯವರು ನೀರಿನ ಟ್ಯಾಂಕರಿನ ದುಡ್ಡಿನ ಮಾತು ತೆಗೆದರು. ಆ ಮಾತು ಯಾವತ್ತಾದರೂ ಐದು ನಿಮಿಷದಲ್ಲಿ ಮುಗಿದದ್ದುಂಟಾ? ಕೊನೆಗೆ ಸಿಲಿಂಡರ್ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಟೇಬಲಿಗೆ ಬಂದಾಗ ಮುಕ್ಕಾಲು ಗಂಟೆ ಆಗಿತ್ತು.

ಮಗಳು ಕೈ ಕಟ್ಟಿಕೊಂಡು, ನೆಟ್ಟಗೆ ಕೂತಿದ್ದಳು. ಕಿಟಕಿಯ ತುಂಬ ಹಿಮದ ಬೆಟ್ಟ.

ನಾನು ಒಂದು ಕ್ಷಣ ಚೆಂದ ಇದೆ ಅಂತ ನೋಡಿದೆ. ಆಮೇಲೆ ಎದೆ ಧಸಕ್ಕೆಂದಿತು. ದೆಹಲಿಯಲ್ಲಿ ಎಲ್ಲಿಯ ಹಿಮ? ನಕ್ಷೆ ನೋಡಿದರೆ ಕೆಳಗೆ ಶಿಮ್ಲಾ. ಯಾವ ರನ್‌ವೇಗೆ ಇಳಿಯಬೇಕು ಅಂತ ವಿಮಾನದ ಕಂಪ್ಯೂಟರಿಗೆ ಇನ್ನೂ ನಾನು ತುಂಬಿರಲಿಲ್ಲವಾದ್ದರಿಂದ ವಿಮಾನ ದೆಹಲಿಯ ನೆತ್ತಿಯ ಮೇಲೆ ಹಾದು, ಹೇಳುವವರು ಕೇಳುವವರು ಇಲ್ಲದೆ ಉತ್ತರಕ್ಕೆ ಹೊರಟುಬಿಟ್ಟಿತ್ತು. ಟೇಬಲಿನ ಮೇಲಿದ್ದ ಹೆಡ್‌ಫೋನಿನಲ್ಲಿ ಕಂಟ್ರೋಲ್ ಟವರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು.

"ಏನೂ ಬರಲಿಲ್ವೇನೇ ಪರದೆ ಮೇಲೆ?"

"ಡಿಸೆಲರೇಟ್ ಅಂತ ಬಂತಪ್ಪ. ತುಂಬ ಹೊತ್ತು ಇತ್ತು. ನೀನೇ ಮುಟ್ಟಬೇಡ ಅಂದಿದ್ದೆ."

ಇಳಿಯುವ ಜಾಗ ದಾಟಿತು, ವೇಗ ತಗ್ಗಿಸು ಅನ್ನುವ ಎಚ್ಚರಿಕೆ ಅದು. ಬೈಯಲು ಬಾಯಿ ಬರಲಿಲ್ಲ. ಹುಟ್ಟಿದಾಗಿಂದ ನನ್ನ ಮಾತು ಕೇಳಿದ್ದು ಅದೇ ಮೊದಲು. ನನಗಿರುವ ಸಮಾಧಾನ ಒಂದೇ, ಇದು ನಿಜವಾದ ಪೈಲಟ್‌ಗಳಿಗೂ ಆಗಿದೆ. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸ್ಯಾನ್ ಡಿಯೇಗೋದಿಂದ ಮಿನಿಯಾಪೊಲಿಸ್‌ಗೆ ಹೊರಟ ಇದೇ ಎ320, ಊರು ದಾಟಿ ಸುಮಾರು 150 ಮೈಲಿ ಮುಂದೆ ಹೋಗಿತ್ತು. ಇಬ್ಬರೂ ಲ್ಯಾಪ್‌ಟಾಪ್ ನೋಡುತ್ತಿದ್ದರಂತೆ. ಲೈಸೆನ್ಸ್ ಹೋಯಿತು. ನಾನು ಕೊನೇಪಕ್ಷ ಸಿಲಿಂಡರ್ ಹೊರುತ್ತಿದ್ದೆ.

"ಕೆಕೆಲಿ ಹೋಗುವಾಗ ಬೆಟ್ಟ ಇರ್ಲಿಲ್ಲ. ಯಾರನ್ನಾದರೂ ಕೇಳು ಅಂದೆ ತಾನೇ?" ಅಂದಳು ಅಮ್ಮ.

ವಿಮಾನ ತಿರುಗಿಸಿ, ಇಳಿಸುತ್ತಾ, ಇಂಧನ ನೋಡಿದೆ. ದೆಹಲಿ ಮುಟ್ಟಿದಾಗ ಎರಡು ಟನ್ ಚಿಲ್ಲರೆ ಉಳಿಯುತ್ತದೆ. ಸಾಕು. ಬೆವರು ಒರೆಸಿಕೊಂಡೆ. ಹತ್ತು ಸಾವಿರ ಅಡಿಗೆ ಬಂದಾಗ ಫ್ಯಾನ್ ನಿಂತಿತು. ಕರೆಂಟ್ ಹೋಯಿತು. ಯುಪಿಎಸ್ "ಕುಂಯ್" ಅಂದಿತು.

ಈಗ ಲೆಕ್ಕ ಬೇರೆಯಾಯಿತು. ವಿಮಾನದಲ್ಲಿ ಒಂದು ಗಂಟೆಗೆ ಸಾಕಾಗುವಷ್ಟು ಇಂಧನ ಇದೆ, ಟೇಬಲಿನ ಕೆಳಗೆ ಹದಿನೈದು ನಿಮಿಷದ್ದು. ವೈಫೈ ಕೂಡ ಹೋದದ್ದರಿಂದ ಊರಿನ ಚಿತ್ರ ಇಳಿದುಬರುವುದು ನಿಂತು, ಕಟ್ಟಡಗಳೆಲ್ಲ ಮಸಕಾಗಿ ಬೂದು ಬಣ್ಣದ ಮುದ್ದೆಯಾದವು. ಜನವರಿಯ ದೆಹಲಿ ಹಾಗೇ ಇರುತ್ತದಲ್ಲ, ವ್ಯತ್ಯಾಸ ನನಗೆ ಗೊತ್ತೇ ಆಗಲಿಲ್ಲ. ಸುತ್ತು ಬಳಸು ಬಿಟ್ಟು ಪಶ್ಚಿಮದ ಕಡೆಯಿಂದ ಉದ್ದನೆಯ ರನ್‌ವೇ ಹಿಡಿದೆ. ಚಕ್ರ ಇಳಿಸಿದೆ. ಜಾಯ್‌ಸ್ಟಿಕ್ ಎಡಕ್ಕೆ ಎಳೆಯಿತು, ನಾನು ಬಲಕ್ಕೆ ಎಳೆದೆ, ಯುಪಿಎಸ್ ಕುಂಯ್, ಕುಂಯ್. ವಿಮಾನ ಎತ್ತರ ಎಣಿಸತೊಡಗಿತು. ಫಿಫ್ಟಿ. ಫಾರ್ಟಿ. ಥರ್ಟಿ. ಟ್ವೆಂಟಿ. ಆಮೇಲೆ "ರಿಟಾರ್ಡ್" ಅನ್ನುತ್ತದೆ, ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆ ಅಂತ.

ಎಳೆದೆ. ಬರಲಿಲ್ಲ.

"ರಿಟಾರ್ಡ್, ರಿಟಾರ್ಡ್." ಎಳೆಯುವವರೆಗೆ ಅದು ನಿಲ್ಲಿಸುವುದಿಲ್ಲ. ಇನ್ನೂ ಎಳೆದೆ. ಸಂದಿಯಲ್ಲಿ ಏನೋ ಕಚ್ಚಿಕೊಂಡಿತ್ತು. ಗಡಿ ದಾಟಿ ಬಂದ ಕೊಬ್ಬರಿ ಚೂರು. ಅರ್ಧ ಶಕ್ತಿಯಲ್ಲಿ ಎಂಜಿನ್ ಓಡುತ್ತಾ ವಿಮಾನ ರನ್‌ವೇ ಮೇಲೆ ತೇಲುತ್ತಾ ಹೋಯಿತು, ಇಳಿಯಲೂ ಇಲ್ಲ, ಏಳಲೂ ಇಲ್ಲ. ಆ ರನ್‌ವೇ 4,430 ಮೀಟರ್ ಉದ್ದ, ಅದಕ್ಕೇ ಉಳಿದೆ. ಮಗಳು ತಲೆಪಿನ್ನು ತೆಗೆದು ಚೂರನ್ನು ಮೀಟಿದಳು, ಈ ಸಲ ನನ್ನನ್ನು ಕೇಳದೆ. ಲಿವರ್ ಟಕ್ ಅಂತ ಹಿಂದೆ ಬಂತು. ವಿಮಾನ ಅಕ್ಕಿ ಮೂಟೆಯ ಹಾಗೆ ಕೂತಿತು. ಎರಡು ಕಾಲಲ್ಲೂ ನೆಲ ಒತ್ತಿದೆ, ಪೆಡಲ್ ಇಲ್ಲ ಅನ್ನುವುದು ಮರೆತು. ಹುಲ್ಲು ಶುರುವಾಗುವ ಸ್ವಲ್ಪ ಮುಂಚೆ ನಿಂತಿತು.

ಗೇಟಿಗೆ ಹೋಗಬೇಕಲ್ಲ ಅಂತ ನಕ್ಷೆ ಹುಡುಕುತ್ತಿದ್ದೆ. ಯುಪಿಎಸ್ ಉದ್ದಕ್ಕೆ ಒಮ್ಮೆ ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

"ಬಂತಾ ದೆಹಲಿ?" ಅಂದಳು ಅಮ್ಮ, ಎಳ್ಳಿನ ಡಬ್ಬಿಯ ಮುಚ್ಚಳ ಒತ್ತುತ್ತಾ.

"ಬಂತಮ್ಮ. ಆದರೆ ರನ್‌ವೇ ಮೇಲೇ ನಿಂತುಬಿಟ್ಟಿದೆ."

"ದೆಹಲಿ ಅಂದ್ರೆ ಹಾಗೇ ಕಣೋ. ಔಟರ್‌ನಲ್ಲಿ ನಿಲ್ಲಿಸಿಬಿಡ್ತಾರೆ, ಒಂದು ಗಂಟೆ ಬಿಡಲ್ಲ. ಏಳು, ಅಷ್ಟರಲ್ಲಿ ಊಟ ಮಾಡು."